ಹಿರಿಯರು ಕುಳಿತ ಅಂಕಣ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಸೀಮೆಯಲ್ಲಿ ಹಳೆಯ ಮನೆಯನ್ನು ‘ಕೆಡವಿದೆವು’ ಎನ್ನುವವರಿಗಿಂತ ‘ಬಿಚ್ಚಿದೆವು’ ಎನ್ನುವವರೇ ಹೆಚ್ಚು. ಗಂಟನ್ನು ಬಿಚ್ಚಿದಂತೆ ಮನೆಯನ್ನೂ ಬಿಚ್ಚುವುದು. ಇದು ಕೇವಲ ಮಾತಿನ ಅಲಂಕಾರವಲ್ಲ. ಮೊದಲು ಮಾಳಿಗೆಯ ಮೇಲಿನ ಮಣ್ಣು ಇಳಿಯುವುದು. ಬಳಿಕ ಹಲಗೆ, ಜಂತೆ, ತೊಲೆ, ಬೋದಿಗೆ, ಕಟ್ಟಕಡೆಗೆ ಕಂಬ. ಕಟ್ಟುವಾಗ ಏರಿದ ಕ್ರಮವನ್ನೇ ಹಿಂದುಮುಂದಾಗಿಸಿ ಒಂದೊಂದೂ ನೆಲಕ್ಕೆ ಬರುವುದು. ಸುಗ್ಗಿ ತೀರಿ, ಮೆಣಸಿನಕಾಯಿಯ ದುಡ್ಡು ಕೈಸೇರಿದ ಬೇಸಿಗೆಯ ದಿನಗಳಲ್ಲಿ ಈ ಊರುಗಳ ಹಳೆಯ ಓಣಿಗಳನ್ನು ಹೊಕ್ಕರೆ ಇಂಥ ಬಿಚ್ಚಿದ ಮನೆಯೊಂದು ಕಣ್ಣಿಗೆ ಬೀಳದಿರದು. ಅಡ್ಡಡ್ಡ ಮಲಗಿದ ಕಂಬಗಳು, ತಲೆಮಾರುಗಳ ಒಲೆಯ ಹೊಗೆ ಹಿಡಿದು ಕಪ್ಪಾದ ತೊಲೆಗಳು, ಬಣ್ಣ ಮಾಸಿದ ಲಲಾಟಪಟ್ಟಿಯ ಮೇಲೆ ಇನ್ನೂ ಕುಳಿತೇ ಇರುವ ಗಜಲಕ್ಷ್ಮಿ. ಹಳೆಯ ಕಟ್ಟಿಗೆಯ ವ್ಯಾಪಾರಿ ಅವುಗಳ ನಡುವೆ ಓಡಾಡುತ್ತ ಘನ ಅಡಿಯ ಲೆಕ್ಕ ಹಾಕುತ್ತಿರುತ್ತಾನೆ.

ಆ ಲೆಕ್ಕಕ್ಕೆ ಸಿಕ್ಕದ ಸ್ವತ್ತೊಂದು ಆ ಮನೆಯಲ್ಲಿತ್ತು. ಅದು ಎರಡು ಕಂಬಗಳ ನಡುವಿನ ಬರಿಯ ಜಾಗ. ವರ್ಷಕ್ಕೊಮ್ಮೆ ಹಿರಿಯರು ಬಂದು ಉಂಡುಹೋಗುತ್ತಿದ್ದ ಜಾಗ. ಕಂಬಗಳೇ ಹೋದ ಮೇಲೆ ‘ನಡುವೆ’ ಎಂಬುದು ಎಲ್ಲಿ ಉಳಿದೀತು? ಮನೆ ಬಿಚ್ಚಿದರೆ ಮನೆಯ ಹಿರಿಯರು ಎಲ್ಲಿಗೆ ಹೋಗುವರು? ಪ್ರಶ್ನೆ ಮೇಲ್ನೋಟಕ್ಕೆ ವಿನೋದದ್ದೆನಿಸಬಹುದು. ಆದರೆ ಸತ್ತವರಿಗೆ ಬದುಕಿದವರ ನಡುವೆ ಎಲ್ಲಿ ಎಡೆ ಮಾಡಿಕೊಡಬೇಕೆಂಬ ಈ ಪ್ರಶ್ನೆಯನ್ನೇ ಹಿಡಿದು ಚೀನ ದೇಶದವರು ಪ್ರತ್ಯೇಕವಾದೊಂದು ವಾಸ್ತುಪ್ರಕಾರವನ್ನು ಬೆಳೆಸಿದರು. ಕನ್ನಡನಾಡಿನ ಬಡಿಗ ಅದಕ್ಕೆ ಬೇರೆಯೇ ಉತ್ತರ ಕೊಟ್ಟ. ಅವರದನ್ನು ಪಕ್ಕದಲ್ಲಿಟ್ಟು ನೋಡಿದರೆ ಇಲ್ಲಿಯ ಮನೆಯ ಗುಟ್ಟು ಇನ್ನಷ್ಟು ಚೆನ್ನಾಗಿ ಹೊಳೆಯುತ್ತದೆ.

ಓದುಗರು ಮೊದಲು ಈ ಮನೆಯೊಳಗೊಮ್ಮೆ ಹೊಕ್ಕು ಬರಬೇಕು. ಈ ಸೀಮೆ ಮಲೆನಾಡೂ ಅಲ್ಲ, ಅಪ್ಪಟ ಬಯಲುಸೀಮೆಯೂ ಅಲ್ಲ. ಪಡುವಣಕ್ಕೆ ಹಾನಗಲ್ಲಿನ ಕಡೆ ಮಳೆ ಹೆಚ್ಚು, ಅಲ್ಲಿ ಇಳಿಜಾರಿನ ಮಾಡು. ಮೂಡಣಕ್ಕೆ ತುಂಗಭದ್ರೆಯತ್ತ ಸಾಗಿದಂತೆ ಮಳೆ ತೆಳುವಾಗಿ ಮಾಡು ಮಟ್ಟಸವಾಗುತ್ತದೆ, ಮಣ್ಣಿನ ಮಾಳಿಗೆಯಾಗುತ್ತದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. 1880ರ ದಶಕದಲ್ಲಿ ಹುಬ್ಬಳ್ಳಿ-ಹರಿಹರದ ರೈಲು ಈ ಮೂರೂ ಊರುಗಳನ್ನು ಮುಟ್ಟಿತು. ಆಮೇಲೆ ಪೇಟೆಯ ಸಾಹುಕಾರರ ಮನೆಗಳ ಮೇಲೆ ಮಂಗಳೂರು ಹೆಂಚು ಕೆಂಪಗೆ ಏರಿತು. ಹೊದಿಕೆ ಯಾವುದಾದರೇನು, ಒಳಗಿನ ಹದ ಬಹುಮಟ್ಟಿಗೆ ಒಂದೇ.

ತಲೆಬಾಗಿಲ ಇಕ್ಕೆಲಗಳಲ್ಲಿ ಹಾದಿಹೋಕರೂ ಕುಳಿತು ದಣಿವಾರಿಸಿಕೊಳ್ಳಬಹುದಾದ ಕಟ್ಟೆ. ಬಾಗಿಲ ಚೌಕಟ್ಟಿಗೆ ಮನೆಯ ಉಳಿದೆಲ್ಲ ಕಟ್ಟಿಗೆಗಿಂತ ಹೆಚ್ಚಿನ ಕೆತ್ತನೆ. ಹೊಸ್ತಿಲು ದಾಟಿದೊಡನೆ ಎದುರಾಗುವವರು ದೇವರೂ ಅಲ್ಲ, ಮನುಷ್ಯರೂ ಅಲ್ಲ, ದನಗಳು. ಆ ಭಾಗಕ್ಕೆ ದಂದಕ್ಕಿಯೆಂದು ಹೆಸರು. ಪೇಟೆಯ ಓದುಗರು ಮೂಗು ಮುರಿಯಬಾರದು. ಒಕ್ಕಲಿಗನಿಗೆ ಎತ್ತೇ ಮೊದಲ ಸಂಪತ್ತು. ಕಳ್ಳಕಾಕರ ಕೈಗೆ ಸಿಗದಂತೆ ಅದನ್ನು ಕಾಯುವುದಕ್ಕೆ ಇದಕ್ಕಿಂತ ಒಳ್ಳೆಯ ಸ್ಥಳವಿಲ್ಲ. ದಂದಕ್ಕಿಯ ಮಗ್ಗುಲಲ್ಲಿಯೇ, ಸೊಂಟದೆತ್ತರಕ್ಕೆ ಏರಿಸಿದ ನೆಲದ ಮೇಲೆ ಪಡಸಾಲೆ. ಅದರ ಅಂಚಿನುದ್ದಕ್ಕೂ ಕಂಬಗಳ ಸಾಲು. ಮನೆಯ ಯಜಮಾನ ಕೂಡುವುದು ಅಲ್ಲಿ, ಬೀಗರು ಬಂದರೆ ಕಂಬಳಿ ಹಾಸುವುದು ಅಲ್ಲಿ, ತೊಟ್ಟಿಲು ಕಟ್ಟುವುದು ಅಲ್ಲಿ. ಹೆಣವನ್ನು ಗೋಡೆಗೊರಗಿಸಿ ಕೂರಿಸುವುದೂ ಅಲ್ಲಿಯೇ. ಪಡಸಾಲೆಯ ಹಿಂದೆ ನಡುಮನೆ, ಅದರಾಚೆ ಅಡಿಗೆಮನೆ, ಬಚ್ಚಲು, ಹಿತ್ತಲು. ನೆಲದೊಳಗೆ ಜೋಳ ತುಂಬುವ ಹಗೇವು. ಗೋಡೆಗೆ ಕಿಟಕಿಗಳಿಲ್ಲವೆಂದೇ ಹೇಳಬೇಕು. ಬೆಳಕು ಬರುವುದು ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯಿಂದ. ಅದರ ಬಿಸಿಲಕೋಲು ನೆಲದ ಮೇಲೆ ಎಲ್ಲಿಗೆ ಸರಿದಿದೆಯೆಂದು ನೋಡಿಯೇ ಹೆಣ್ಣುಮಕ್ಕಳು ಒಲೆ ಹೊತ್ತಿಸುವ ಹೊತ್ತನ್ನು ತಿಳಿಯುತ್ತಿದ್ದರು. ದೇಸಾಯರ, ದೇಶಪಾಂಡೆಯವರ ವಾಡೆಗಳಲ್ಲಿ ನಡುವೆ ಆಕಾಶಕ್ಕೆ ತೆರೆದ ಚೌಕವೂ, ಅದರ ಸುತ್ತ ನಾಲ್ಕು ಕಡೆ ಕಂಬಗಳ ಪಡಸಾಲೆಯೂ ಇರುವುದುಂಟು.

ಒಳಗೆ, ನಡುಮನೆಯಲ್ಲಿಯೋ ಅಡಿಗೆಮನೆಯ ಮಗ್ಗುಲಲ್ಲಿಯೋ, ದೇವರ ಜಗಲಿ. ಮೈಸೂರು ಸೀಮೆಯವರಿಗೆ ಜಗಲಿಯೆಂದರೆ ಮನೆಯ ಹೊರಗೆ ಕುಳಿತು ಹರಟೆ ಹೊಡೆಯುವ ಕಟ್ಟೆ. ಇಲ್ಲಿ ಅದು ದೇವರು ಕುಳಿತುಕೊಳ್ಳುವ ಪೀಠ. ಒಂದೇ ಶಬ್ದ ತುಂಗಭದ್ರೆಯನ್ನು ದಾಟುವಷ್ಟರಲ್ಲಿ ಹೊರಗಿನಿಂದ ಒಳಗೆ ಬಂದುಬಿಟ್ಟಿದೆ.

ಇಂಥ ಮನೆಯನ್ನು ಅಳೆಯುವ ಮಾನ ಅಡಿಯಲ್ಲ, ಗಜವಲ್ಲ, ಅಂಕಣ. ಇಂದಿನವರಿಗೆ ಅಂಕಣವೆಂದರೆ ಪತ್ರಿಕೆಯ ಪುಟದ ಒಂದು ಪಟ್ಟಿ, ಅಥವಾ ವಾರವಾರವೂ ಒಬ್ಬರೇ ಬರೆಯುವ ಬರೆಹ. ಬಡಿಗನಿಗೆ ಅದು ಎರಡು ಕಂಬಗಳ ನಡುವಣ ತೆರಪು. ‘ಮೂರಂಕಣದ ಮನೆ’, ‘ಐದಂಕಣದ ಮನೆ’ ಎಂದರೆ ಮನೆಯ ಗಾತ್ರ, ಮನೆತನದ ತೂಕ, ಅಲ್ಲಿಗೆ ಹೆಣ್ಣು ಕೊಡಬಹುದೇ ಕೂಡದೇ ಎಂಬುದು ಎಲ್ಲವೂ ಒಂದೇ ಮಾತಿನಲ್ಲಿ ತಿಳಿದುಹೋಗುತ್ತಿತ್ತು. ಸುತ್ತಣ ಮಣ್ಣಿನ ಗೋಡೆ ದಪ್ಪವಾದದ್ದೇ. ಆದರೆ ಒಳಗಿನ ಭಾರವನ್ನು ಹೊರುವುದು ಕಂಬ. ಕಂಬದ ತಲೆಯ ಮೇಲೆ ಬೋದಿಗೆ. ಅದು ಎರಡೂ ಕಡೆಗೆ ಕೈಚಾಚಿ ತೊಲೆಯನ್ನು ಹಿಡಿಯುತ್ತದೆ. ಆ ಕೈ ಎಷ್ಟು ಚಾಚಿತೋ ಅಷ್ಟರಮಟ್ಟಿಗೆ ತೊಲೆಯ ಬಿಡಿ ಉದ್ದ ಕಡಮೆಯಾಗಿ, ಅದು ಬಾಗದೆ ನಿಲ್ಲುತ್ತದೆ. ತೊಲೆಯ ಮೇಲೆ ಅಡ್ಡಲಾಗಿ ಜಂತೆ, ಜಂತೆಯ ಮೇಲೆ ಹಲಗೆ, ಎಲ್ಲಕ್ಕೂ ಮೇಲೆ ನೀರಿಳಿಯದಂತೆ ಹದವಾಗಿ ಬಡಿದು ಕೂರಿಸಿದ ಮಣ್ಣು.

ಹಾವೇರಿಯ ಸಿದ್ಧೇಶ್ವರ ದೇವಾಲಯವನ್ನು ಕಂಡವರಿಗೆ ಈ ಕ್ರಮ ಹೊಸದಲ್ಲ. ರೂಢಿಗೆ ವ್ಯತಿರಿಕ್ತವಾಗಿ ಪಡುವಣಕ್ಕೆ ಮುಖಮಾಡಿ ನಿಂತ ಆ ಚಾಲುಕ್ಯ ಶೈಲಿಯ ಗುಡಿಯಲ್ಲಿಯೂ ಕಂಬ, ಬೋದಿಗೆ, ತೊಲೆಗಳದೇ ಆಟ. ಮರಕ್ಕೆ ಬದಲಾಗಿ ಬಳಪದ ಕಲ್ಲು, ಅಷ್ಟೆ. ದೇವಾಲಯದ ನವರಂಗವೆಂದರೂ ಒಂಬತ್ತು ಅಂಕಣಗಳ ಮಂಟಪವೇ. ಕಲ್ಲುಕುಟಿಗ ಬಡಿಗನಿಂದ ಕಲಿತನೆಂದು ಬಲ್ಲವರು ಹೇಳುವರು. ಕಲಿಸಿದವನ ಕೆಲಸ ಗೆದ್ದಲಿಗೂ ಬೆಂಕಿಗೂ ತುತ್ತಾಗಿ ಹೋಯಿತು. ಕಲಿತವನ ಕೆಲಸ ಉಳಿದುಕೊಂಡಿತು.

ಅಚ್ಚರಿಯೆಂದರೆ, ಚೀನದಲ್ಲಿಯೂ ಮನೆಯನ್ನು ಅಳೆಯುವ ಮಾನ ಇದೇ. ಅಲ್ಲಿ ಅದಕ್ಕೆ ‘ಜ್ಯೆನ್’ ಎಂದು ಹೆಸರು: ಎರಡು ಕಂಬಗಳ ನಡುವಿನ ತೆರಪು. ಅಲ್ಲಿಯೂ ಮುಂಭಾಗದ ಅಂಕಣಗಳು ಮೂರು, ಐದು, ಏಳು ಹೀಗೆ ಬೆಸಸಂಖ್ಯೆಯಲ್ಲಿಯೇ ಇರುವುದು ವಾಡಿಕೆ. ಬೆಸವಾದರೆ ತಾನೆ ನಡುವೆ ಒಂದು ಅಂಕಣ ಸಿಕ್ಕುವುದು! ಮಿಂಗ್ ವಂಶದ ಅರಸರ ಕಾಲದಲ್ಲಿ ಜನಸಾಮಾನ್ಯರ ಮನೆ ಮೂರಂಕಣವನ್ನು ಮೀರಕೂಡದೆಂದು ಕಟ್ಟಳೆಯೇ ಇತ್ತು. ಅವರ ಬೋದಿಗೆ ನಮ್ಮದಕ್ಕಿಂತ ತೊಡಕಿನದು. ತುಂಡಿನ ಮೇಲೆ ತುಂಡು ಅಡ್ಡಡ್ಡ ಕೂರಿಸಿ, ಹೂವಿನ ಗೊಂಚಲಿನಂತೆ ಮೇಲಕ್ಕೆ ಹರಡಿಕೊಂಡು ಹೋಗುವಂಥದು. ಅದರ ಅಳತೆಗಳನ್ನೆಲ್ಲ ಕ್ರೋಡೀಕರಿಸಿ ಲೀ ಜಿಯೆ ಎಂಬ ಅಧಿಕಾರಿ ಸಿದ್ಧಪಡಿಸಿದ ‘ಯಿಂಗ್‌ಝಾವ್ ಫಾಷಿ’ ಎಂಬ ಗ್ರಂಥ 1103ರಲ್ಲಿ ಪ್ರಕಟವಾಯಿತು. ಆ ಹೊತ್ತಿಗೆ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದನೆಂದು ನೆನೆದರೆ ಕಾಲದ ಅಂದಾಜು ಸಿಕ್ಕೀತು.

ಇನ್ನೂ ಸೋಜಿಗದ ಹೋಲಿಕೆಯೊಂದಿದೆ. ಇಲ್ಲಿಯ ಬಡಿಗ ಮನೆಗೆ ಆಯ ನೋಡದೆ ಅಡಿಗಲ್ಲು ಇಡಿಸನು. ಉದ್ದಗಲಗಳನ್ನು ಗುಣಿಸಿ, ಭಾಗಿಸಿ, ಕಡೆಗೆ ಎಂಟರಲ್ಲಿ ಉಳಿಯುವ ಶೇಷವೇ ಆಯ. ಧ್ವಜ, ಧೂಮ, ಸಿಂಹ, ಶ್ವಾನ, ವೃಷಭ, ಖರ, ಗಜ, ಕಾಕ ಎಂದು ಆಯಗಳು ಎಂಟು. ಅವುಗಳಲ್ಲಿ ನಾಲ್ಕು ಒಳ್ಳೆಯವು, ನಾಲ್ಕು ಕೆಟ್ಟವು. ನಾಯಿಯ ಆಯ, ಕತ್ತೆಯ ಆಯ ಬಂದರೆ ಅರ್ಧ ಗೇಣು ಹೆಚ್ಚಿಸಿಯೋ ತಗ್ಗಿಸಿಯೋ ಬಸವನ ಆಯಕ್ಕೆ ತಂದು ನಿಲ್ಲಿಸಬೇಕು. ಚೀನದ ಬಡಗಿಗಳು ತಮ್ಮ ಕುಲಗುರುವಾದ ಲೂ ಬಾನನ ಹೆಸರಿನಲ್ಲಿ ಒಂದು ಅಳತೆಗೋಲನ್ನು ಇಟ್ಟುಕೊಳ್ಳುವರು. ಅದರಲ್ಲಿಯೂ ಎಂಟೇ ಮನೆಗಳು: ಸಂಪತ್ತು, ರೋಗ, ಅಗಲಿಕೆ, ಧರ್ಮ, ಅಧಿಕಾರ, ಸುಲಿಗೆ, ಕೇಡು, ಮೂಲ. ಅಲ್ಲಿಯೂ ನಾಲ್ಕು ಒಳ್ಳೆಯವು, ನಾಲ್ಕು ಕೆಟ್ಟವು! ಬಾಗಿಲ ಅಗಲ ಒಳ್ಳೆಯ ಮನೆಗೇ ಬಂದು ಬೀಳಬೇಕು. ಯಾರಿಂದ ಯಾರು ಕಲಿತರೆಂದು ಕೇಳುವುದಕ್ಕಿಂತ, ಮರದ ಕಟ್ಟಡ ಕಟ್ಟುವವನ ಭಯಭಕ್ತಿಗಳು ಎಲ್ಲೆಡೆಯೂ ಒಂದೇ ಎಂದುಕೊಳ್ಳುವುದು ಲೇಸು.

ಇಷ್ಟೆಲ್ಲ ಸಾಮ್ಯವಿದ್ದರೂ ಹಿರಿಯರ ವಿಷಯ ಬಂದಾಗ ಎರಡು ನಾಡುಗಳ ದಾರಿ ಕವಲೊಡೆಯುತ್ತದೆ.

ಬಸವಣ್ಣನವರು ಬಾಳಿದ ಹನ್ನೆರಡನೆಯ ಶತಮಾನದಲ್ಲಿಯೇ ಚೀನದಲ್ಲಿ ಜು ಶಿ ಎಂಬ ದಾರ್ಶನಿಕನಿದ್ದ (1130-1200). ಗೃಹಸ್ಥರ ವಿಧಿಗಳನ್ನು ಕುರಿತ ಗ್ರಂಥದಲ್ಲಿ ಅವನು ಹೇಳುವುದು ಇದು: ಸಜ್ಜನನು ಮನೆ ಕಟ್ಟಲು ತೊಡಗಿದರೆ ಮೊಟ್ಟಮೊದಲು ಕಟ್ಟಬೇಕಾದದ್ದು ಮುಖ್ಯಮನೆಯ ಮೂಡಣಕ್ಕೆ ಹಿರಿಯರ ಗುಡಿ, ಅದರಲ್ಲಿ ತಂದೆಯಿಂದ ಮೊದಲುಗೊಂಡು ನಾಲ್ಕು ತಲೆಮಾರಿನವರ ಫಲಕಗಳನ್ನಿಡಬೇಕು. ಮುಂದೆ ಮಿಂಗ್ ಅರಸರ ಕಾಲದಲ್ಲಿ, 1536ರ ಸುಮಾರಿಗೆ, ಸಾಮಾನ್ಯರೂ ತಮ್ಮ ವಂಶದ ಮೂಲಪುರುಷನನ್ನು ಪೂಜಿಸಬಹುದೆಂದು ಕಟ್ಟಳೆ ಸಡಿಲವಾಯಿತು. ಆಗ ಚೀನದ ದಕ್ಷಿಣ ಪ್ರಾಂತಗಳಲ್ಲೆಲ್ಲ ‘ತ್ಸಿತಾಂಗ್’ ಎಂಬ ವಂಶಮಂದಿರಗಳು ಊರೂರಿಗೂ ಎದ್ದವು. ಒಂದು ಊರಿನಲ್ಲಿ ಒಂದೇ ಅಡ್ಡಹೆಸರಿನ ನೂರು ಒಲೆಗಳಿದ್ದರೆ ಆ ನೂರಕ್ಕೂ ಒಂದು ಮಂದಿರ.

ಅದರ ರಚನೆ ಸಾಮಾನ್ಯವಾಗಿ ಒಂದರ ಹಿಂದೊಂದು ಮೂರು ಕಟ್ಟಡ, ನಡುವೆ ಎರಡು ಅಂಗಳ. ಮುಂದಿನದು ಬಾಗಿಲಮನೆ. ನಡುವಿನದು ನೈವೇದ್ಯದ ಸಭೆ. ವಂಶದವರೆಲ್ಲ ಕೂಡಿ ಊಟಮಾಡುವುದು, ಜಗಳ ಬಗೆಹರಿಸುವುದು, ತಪ್ಪಿತಸ್ಥರನ್ನು ದಂಡಿಸುವುದು ಅಲ್ಲಿ. ಹಿಂದಿನದು ಹಿರಿಯರು ವಿಶ್ರಮಿಸುವ ಮನೆ. ನೆಲ ಹಿಂದೆ ಹೋದಂತೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಏರುವುದರಿಂದ, ಒಳಹೊಕ್ಕವನು ತನ್ನರಿವಿಲ್ಲದೆಯೇ ಹಿರಿಯರ ಕಡೆಗೆ ಹತ್ತುತ್ತ ಹೋಗುತ್ತಾನೆ. ಹ್ವೆಯ್‌ಝೌ ಪ್ರಾಂತದಲ್ಲಿ ನಾಲ್ಕು ಕಡೆಯ ಮಾಡುಗಳೂ ಒಳಮುಖವಾಗಿ ಇಳಿದು, ಮಳೆಯ ನೀರೆಲ್ಲ ನಡುವಿನ ಸಣ್ಣ ಅಂಗಳಕ್ಕೇ ಬೀಳುತ್ತದೆ. ನೀರೇ ಸಂಪತ್ತು, ಅದು ಹೊರಗೆ ಹರಿದುಹೋಗಬಾರದೆಂಬುದು ಅಲ್ಲಿಯ ವರ್ತಕರ ನಂಬಿಕೆ. ಬ್ಯಾಡಗಿಯ ವ್ಯಾಪಾರಸ್ಥರಿಗೆ ಈ ಮಾತು ಸುಲಭವಾಗಿ ಅರ್ಥವಾದೀತು.

ಹಿಂದಿನ ಮನೆಯಲ್ಲಿ ಸಾಲುಸಾಲಾಗಿ ಮರದ ಫಲಕಗಳು. ಒಂದೊಂದರ ಮೇಲೂ ಒಬ್ಬೊಬ್ಬ ಹಿರಿಯನ ಹೆಸರು; ಸತ್ತವನ ಚೇತನಕ್ಕೆ ಅದೇ ಆಸನ. ಫಲಕ ಬರೆಯುವಾಗ ಕೊನೆಯ ಅಕ್ಷರವನ್ನು ಅರ್ಧಕ್ಕೆ ನಿಲ್ಲಿಸಿರುತ್ತಾರೆ. ‘ಅರಸು’ ಎಂಬ ಅರ್ಥದ ಆ ಅಕ್ಷರದ ತಲೆಯ ಮೇಲೆ ಒಂದು ಚುಕ್ಕೆ ಇಟ್ಟರೆ ಅದು ‘ಒಡೆಯ’ ಎಂದಾಗುತ್ತದೆ. ಅಂತ್ಯಕ್ರಿಯೆಯ ದಿನ ಗೌರವಸ್ಥನಾದ ವಿದ್ವಾಂಸನೊಬ್ಬ ಕೆಂಪು ಮಸಿಯಲ್ಲಿ ಆ ಚುಕ್ಕೆಯನ್ನಿಡುವನು. ಆಗ ಮರದ ತುಂಡು ಹಿರಿಯನಾಯಿತು. ಒಂದು ಚುಕ್ಕೆಯಿಂದ ಪ್ರಾಣಪ್ರತಿಷ್ಠೆ!

ಇವುಗಳಲ್ಲಿ ಹೆಸರುವಾಸಿಯಾದದ್ದು ಗ್ವಾಂಗ್‌ಝೌ ನಗರದ ಚೆನ್ ವಂಶಮಂದಿರ. ಪ್ರಾಂತದ 72 ತಾಲೂಕುಗಳ ಚೆನ್ ಮನೆತನದವರು ವಂತಿಗೆ ಕೂಡಿಸಿ ಕಟ್ಟಿಸಿದ್ದು 1894ರಲ್ಲಿ ಪೂರ್ಣವಾಯಿತು. ದೊಡ್ಡವೂ ಚಿಕ್ಕವೂ ಸೇರಿ 19 ಕಟ್ಟಡಗಳು. ಪರೀಕ್ಷೆಗೆಂದು ನಗರಕ್ಕೆ ಬರುವ ವಂಶದ ಹುಡುಗರಿಗೆ ಅದೇ ಬಿಡಾರ. 1959ರಿಂದ ಅದು ಜನಪದ ಕಲೆಗಳ ವಸ್ತುಸಂಗ್ರಹಾಲಯ. ಆ ಕಟ್ಟಡದ ಅದೃಷ್ಟ ಎಲ್ಲಕ್ಕೂ ಇರಲಿಲ್ಲ. 1949ರ ಕ್ರಾಂತಿಯ ತರುವಾಯ ಅನೇಕ ಮಂದಿರಗಳು ಶಾಲೆ, ಉಗ್ರಾಣಗಳಾದವು. 1966ರಿಂದ 1976ರವರೆಗಿನ ಸಾಂಸ್ಕೃತಿಕ ಕ್ರಾಂತಿಯಲ್ಲಿ ಎಷ್ಟೋ ಊರುಗಳ ಫಲಕಗಳು ಬೆಂಕಿಗೆ ಆಹುತಿಯಾದವು. 1980ರ ಬಳಿಕ ಮತ್ತೆ ಕೆಲವು ಎದ್ದು ನಿಂತಿವೆ.

ಈಗ ಪುನಃ ಬ್ಯಾಡಗಿ ಸೀಮೆಯ ಪಡಸಾಲೆಗೆ ಮರಳಬೇಕು. ಇಲ್ಲಿ ಹಿರಿಯರಿಗೆ ಪ್ರತ್ಯೇಕ ಮಂದಿರವಿಲ್ಲ, ಫಲಕವಿಲ್ಲ, ಬಹುತೇಕ ಮನೆತನಗಳಲ್ಲಿ ಬರೆದಿಟ್ಟ ಹೆಸರೂ ಇಲ್ಲ. ವೈದಿಕರು ಪಕ್ಷಮಾಸದ ಶ್ರಾದ್ಧದಲ್ಲಿ ತಂದೆ, ಅಜ್ಜ, ಮುತ್ತಜ್ಜ ಎಂದು ಮೂರು ತಲೆಮಾರಿನ ಹೆಸರು ಹಿಡಿದು ಕರೆಯುವರು. ಅದರಾಚೆಯವರು ಹೆಸರಿನ ಹಂಗಿನಿಂದ ಪಾರಾದವರು. ಉಳಿದ ಅನೇಕ ಮನೆಗಳಲ್ಲಿ ಭಾದ್ರಪದದ ಕೊನೆಗೆ, ಮಹಾನವಮಿಯ ಮುಂಚೆ ಬರುವ ಅಮಾವಾಸ್ಯೆಯಂದು ‘ಹಿರಿಯರ ಹಬ್ಬ’. ಸಾರಿಸಿ ರಂಗೋಲಿಯಿಟ್ಟ ನೆಲದ ಮೇಲೆ, ಜಗಲಿಯ ಮುಂದೆ ಅಥವಾ ಪಡಸಾಲೆಯ ನಡುವಣ ಅಂಕಣದಲ್ಲಿ, ತುಂಬಿದ ತಂಬಿಗೆಯನ್ನಿಟ್ಟು ಅದಕ್ಕೆ ಹೊಸ ಬಟ್ಟೆ ಏರಿಸುವರು. ಗಂಡಸರಿಗೆ ಧೋತರ, ಅಂಗಿ, ರುಮಾಲು. ಮುತ್ತೈದೆಯಾಗಿ ಹೋದ ಹಿರಿಯಳಿಗೆ ಸೀರೆ, ಕುಬಸ, ಹಸಿರು ಬಳೆ. ಹೋಳಿಗೆ, ಕಡುಬು, ಎಣ್ಣೆಗಾಯಿಗಳ ಎಡೆ. ಅಜ್ಜನಿಗೆ ಎಲೆಯಡಿಕೆಯ ಚಟವಿದ್ದರೆ ಅದೂ ಉಂಟು, ಬೀಡಿಯ ಚಟವಿದ್ದರೆ ಬೀಡಿಯೂ ಉಂಟು. ಮಾಂಸಾಹಾರದ ಮನೆಗಳಲ್ಲಿ ಅವರವರ ಪದ್ಧತಿಯ ಅಡಿಗೆ. ಎಡೆ ಹಿಡಿದ ಮೇಲೆ ಮನೆಮಂದಿ ಸ್ವಲ್ಪ ಹೊತ್ತು ಹೊರಗೆ ಸರಿದು ನಿಲ್ಲುವರು. “ಹಿರ್ಯಾರು ಬಂದು ಉಣ್ಣೋ ಹೊತ್ತು, ಗದ್ದಲಾ ಮಾಡಬ್ಯಾಡ್ರೋ” ಎಂದು ಅಜ್ಜಿ ಮೊಮ್ಮಕ್ಕಳನ್ನು ಗದರಿಸುವಳು. ನಿನ್ನೆಯವರೆಗೆ ಗೋಣಿಚೀಲ ಒಟ್ಟಿದ್ದ ಅಂಕಣ ಆ ಗಳಿಗೆಯ ಮಟ್ಟಿಗೆ ಮಂದಿರ. ಉಂಡೆದ್ದ ಮೇಲೆ ಮತ್ತೆ ಅದು ಮನೆ. ಮಾರನೆಯ ದಿನ ಅಲ್ಲಿಯೇ ಕೂಸು ಅಂಬೆಗಾಲಿಡುತ್ತದೆ.

ಚೀನೀಯರು ಹಿರಿಯರನ್ನು ಮನೆಯಿಂದ ಹೊರಗೆ ಮೆಟ್ಟಿಲು ಹತ್ತಿಸಿ ಕೂರಿಸಿದರು. ಇಲ್ಲಿಯವರು ಒಳಗೇ ಇಟ್ಟುಕೊಂಡರು. ಯಾವುದು ಮೇಲೆಂಬ ವಾದ ಬೇಡ. ಆದರೆ ಒಂದು ಮಾತನ್ನು ಗಮನಿಸಬೇಕು. ಅಲ್ಲಿಯ ಸಾಲಿನಲ್ಲಿ ಮಗಳಿಗೆ ಫಲಕವಿಲ್ಲ. ಮದುವೆಯಾಗಿ ಹೋದವಳಿಗೆ ಗಂಡನ ಮನೆತನದ ಮಂದಿರದಲ್ಲಿಯೇ ಜಾಗ. ಇಲ್ಲಿಯೂ ತವರಿನ ಎಡೆಯಲ್ಲಿ ಹೆಣ್ಣುಮಗಳ ಲೆಕ್ಕವಿಲ್ಲದಿದ್ದರೂ, ಸೊಸೆಯಾಗಿ ಬಂದು ಹಿರಿಯಳಾದವಳಿಗೆ ಗಂಡನಷ್ಟೇ, ಕೆಲವೊಮ್ಮೆ ಗಂಡನಿಗಿಂತ ಹೆಚ್ಚಿನ, ಉಪಚಾರ. ಸೀರೆಯ ಆಯ್ಕೆಗೆ ಹಿಡಿಯುವ ಹೊತ್ತು ಧೋತರಕ್ಕೆ ಎಂದೂ ಹಿಡಿಯುವುದಿಲ್ಲ.

ಹಾಗೆಂದು ಹೆಸರನ್ನು ಕೆತ್ತಿಡುವ ಹಂಬಲ ಈ ನೆಲದಲ್ಲಿ ಇರಲೇ ಇಲ್ಲವೆನ್ನಲಾಗದು. ಹಾವೇರಿಯ ಸಮೀಪದ ಗುತ್ತಲದಿಂದ ಆಳಿದ ಗುತ್ತ ಅರಸರು ತಾವು ಚಂದ್ರಗುಪ್ತನ, ಉಜ್ಜಯಿನಿಯ ವಿಕ್ರಮಾದಿತ್ಯನ ವಂಶಜರೆಂದು ಹೇಳಿಕೊಂಡರು. ರಾಣೇಬೆನ್ನೂರು ತಾಲೂಕಿನ ಚೌಡದಾನಪುರದಲ್ಲಿ, ತುಂಗಭದ್ರೆಯ ದಡದ ಮುಕ್ತೇಶ್ವರ ದೇವಾಲಯದ ಶಾಸನಗಳಲ್ಲಿ ಅವರ ವಂಶಾವಳಿಯಿದೆ. ಮಾಂಡಲಿಕರಾದವರಿಗೆ ದೂರದ ಚಕ್ರವರ್ತಿಗಳ ಬಳಗ ಬೇಕಾಗಿತ್ತು. ಕಲ್ಲಿನ ಮೇಲೆ ಬರೆಯಿಸಿದರು. ಒಕ್ಕಲಿಗನಿಗೆ ಅಂಥ ಅಗತ್ಯ ಬೀಳಲಿಲ್ಲ. ಮಠಗಳಲ್ಲಿ ಗದ್ದುಗೆಗಳಿವೆ, ಹಾವೇರಿಯ ಹುಕ್ಕೇರಿಮಠದಂಥ ಕಡೆ ಹಿಂದಿನ ಗುರುಗಳ ಸ್ಮರಣೆಯೇ ವರ್ಷದ ದೊಡ್ಡ ಜಾತ್ರೆ. ಬ್ಯಾಡಗಿ ತಾಲೂಕಿನ ಕಾಗಿನೆಲೆಯಲ್ಲಿ ಕನಕದಾಸರ ಗದ್ದುಗೆಯಿದೆ. ವಂಶಮಂದಿರಕ್ಕೆ ಇಲ್ಲಿ ತೀರ ಹತ್ತಿರದ್ದು ಗದ್ದುಗೆಯೇ. ಆದರೆ ಅಲ್ಲಿಯ ಪರಂಪರೆ ರಕ್ತದ್ದಲ್ಲ. ಗುರುವಿನಿಂದ ಶಿಷ್ಯನಿಗೆ ಬಂದದ್ದು. ಅದನ್ನು ಅಣ್ಣತಮ್ಮಂದಿರು ಪಾಲು ಹಚ್ಚಿಕೊಳ್ಳುವಂತಿಲ್ಲ.

ಪಾಲು! ಕಥೆಯ ಗಂಟು ಇರುವುದೇ ಇಲ್ಲಿ. ಚೀನದಲ್ಲಿಯೂ ತಂದೆಯ ಆಸ್ತಿ ಗಂಡುಮಕ್ಕಳಿಗೆ ಸಮಸಮವಾಗಿ ಹಂಚಿಹೋಗುತ್ತಿತ್ತು. ಹೊಲ, ಮನೆ, ಒಲೆ ಎಲ್ಲವೂ. ಆದರೆ ವಂಶಮಂದಿರವನ್ನೂ ಅದರ ಖರ್ಚಿಗೆಂದು ಮೀಸಲಿಟ್ಟ ಹೊಲಗಳನ್ನೂ ಹಂಚುತ್ತಿರಲಿಲ್ಲ. ಅದು ಯಾರೊಬ್ಬರದೂ ಅಲ್ಲ, ಎಲ್ಲರದೂ. ಅಣ್ಣತಮ್ಮಂದಿರು ಮುಖ ನೋಡದಷ್ಟು ಮುನಿದರೂ ಪೂಜೆಯ ದಿನ ಒಂದೇ ಬಾಗಿಲಲ್ಲಿ ಹೊಗಬೇಕು. ಇಲ್ಲಿ ಹಿರಿಯರ ಮಂದಿರವೆಂದರೆ ಮನೆಯೇ. ಮನೆ ಹಂಚಿದರೆ ಮಂದಿರವೂ ಹಂಚಿತು.

ಈ ಸೀಮೆಯಲ್ಲಿ ಪಾಲಿಗೆ ‘ವಾಟ್ನಿ’ ಎನ್ನುವರು. ವಾಟ್ನಿಯ ದಿನ ಊರ ಹಿರಿಯರು ಪಡಸಾಲೆಯಲ್ಲಿಯೇ ಕೂಡುವರು. ಹೊಲಕ್ಕೆ ಗುಂಟೆಯ ಲೆಕ್ಕವಿದೆ, ಮನೆಗೆ ಅಂಕಣದ ಲೆಕ್ಕ. ನಾಲ್ಕಂಕಣಕ್ಕೆ ಇಬ್ಬರು ಮಕ್ಕಳಾದರೆ ಎರಡೆರಡು, ಜಗಳವಿಲ್ಲ. ಆದರೆ ಮೂರಂಕಣದ ಪಡಸಾಲೆಗೆ ಇಬ್ಬರಾದರೆ? ಐದಂಕಣಕ್ಕೆ ನಾಲ್ವರಾದರೆ? ಬೆಸಸಂಖ್ಯೆಯ ಶುಭವೇ ಈಗ ತೊಡಕಾಗುತ್ತದೆ. ಗೋಡೆ ಏಳುವುದು ನಡುವಣ ಅಂಕಣದಲ್ಲಿಯೇ, ಎಡೆ ಹಿಡಿಯುತ್ತಿದ್ದ ನೆಲದ ಮೇಲೆಯೇ. ಗೋಡೆ ಕಂಬದ ನೇರಕ್ಕೆ ಬಂದರೆ ‘ಕಂಬಾ ಯಾರ ಪಾಲಿಗೆ?’ ಎಂಬ ಇನ್ನೊಂದು ಪ್ರಶ್ನೆ. ಅರ್ಧ ಕಂಬ ಆಚೆ, ಅರ್ಧ ಕಂಬ ಈಚೆ ಕಾಣುವಂತೆ ಗೋಡೆಯೊಳಗೆ ಹೂತ ಕಂಬಗಳು ಈ ಊರುಗಳ ಹಳೆಯ ಓಣಿಗಳಲ್ಲಿ ಅಪರೂಪವೇನಲ್ಲ. ತಲೆಬಾಗಿಲು ಒಬ್ಬನ ಪಾಲಿಗೆ ಹೋದರೆ ಇನ್ನೊಬ್ಬ ದಂದಕ್ಕಿಯ ಗೋಡೆ ಒಡೆದು ಬೇರೆ ಬಾಗಿಲಿಡಿಸುವನು. ಬೆಳಕಿಂಡಿ ಒಬ್ಬನಿಗೆ ಬಂದರೆ ಇನ್ನೊಬ್ಬನ ಪಾಲಿಗೆ ಕತ್ತಲೆ. ಜಗಲಿಯ ದೇವರು ಸಾಮಾನ್ಯವಾಗಿ ಹಿರಿಯ ಮಗನ ಪಾಲಿಗೆ. ಕಿರಿಯರು ಹೊಸ ಜಗಲಿ ಮಾಡಿಕೊಳ್ಳುವರು. ಹಿರಿಯರು ಅಲ್ಲಿಗೂ ಬರುವರೆಂದು ನಂಬುವರು. ನಾಲ್ಕು ಮನೆಯಲ್ಲಿ ನಾಲ್ಕು ಎಡೆ.

ಕಾನೂನು ಇದನ್ನು ಕಾಣದೆ ಇರಲಿಲ್ಲ. 1893ರ ವಿಭಾಗ ಕಾಯಿದೆಯಲ್ಲಿಯೇ, ಅವಿಭಕ್ತ ಕುಟುಂಬದ ವಾಸದ ಮನೆಯ ಪಾಲೊಂದು ಹೊರಗಿನವನ ಕೈಗೆ ಹೋಗಿ ಅವನು ವಿಭಾಗ ಕೇಳಿದರೆ, ಮನೆಯವರು ಅದನ್ನು ಬೆಲೆಕೊಟ್ಟು ಬಿಡಿಸಿಕೊಳ್ಳಬಹುದೆಂದು ಹೇಳಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 23ನೆಯ ಕಲಮು ವಾಸದ ಮನೆಗೆ ಇನ್ನೊಂದು ಬೇಲಿ ಹಾಕಿತು: ಗಂಡುಮಕ್ಕಳು ತಾವಾಗಿ ಪಾಲು ಮಾಡಿಕೊಳ್ಳುವವರೆಗೆ ಹೆಣ್ಣುಮಗಳು ಮನೆಯಲ್ಲಿ ಪಾಲು ಕೇಳುವಂತಿಲ್ಲ. ಮನೆಯನ್ನು ಉಳಿಸಲು ಹಾಕಿದ ಬೇಲಿ ಮಗಳನ್ನೇ ಹೊರಗಿಟ್ಟಿತು. ಕರ್ನಾಟಕದಲ್ಲಿ 1994ರಿಂದ ಜಾರಿಗೆ ಬಂದ ತಿದ್ದುಪಡಿ, ಅದಕ್ಕೆ ಮುಂಚೆ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಸಮಪಾಲು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಹಕ್ಕನ್ನು ದೇಶಕ್ಕೆಲ್ಲ ವಿಸ್ತರಿಸಿ 23ನೆಯ ಕಲಮನ್ನು ತೆಗೆದುಹಾಕಿತು. ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂಬ ನಿರ್ಬಂಧವಿಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿರ್ಣಯಿಸಿತು. ನ್ಯಾಯವಾದದ್ದು ತಡವಾಗಿ ಬಂದಿತು, ಅಷ್ಟೆ. ಹೆಣ್ಣುಮಕ್ಕಳಿಗೆ ಪಾಲು ಬಂದದ್ದರಿಂದ ಹಳೆಯ ಮನೆ ಒಡೆಯುತ್ತಿದೆಯೆಂದು ಕಟ್ಟೆಯ ಮೇಲೆ ಕುಳಿತು ಹಲುಬುವವರಿದ್ದಾರೆ. ಆ ಮಾತಿನಲ್ಲಿ ಹುರುಳಿಲ್ಲ. ಅಂಕಣಗಳ ನಡುವೆ ಎದ್ದ ಹಳೆಯ ಗೋಡೆಗಳನ್ನು ಒಮ್ಮೆ ನೋಡಿದರೆ ಸಾಕು. ಅವೆಲ್ಲ ಅಣ್ಣತಮ್ಮಂದಿರೇ ಕಟ್ಟಿಸಿದವು.

ಹೀಗೆ ಹರಿದು ಹಂಚಿದ ಮನೆಯನ್ನು ದುರಸ್ತಿ ಮಾಡಿಸುವವರಾರು? ಮಣ್ಣಿನ ಮಾಳಿಗೆ ಮಳೆಗಾಲದ ಮುಂಚೆ ವರ್ಷವರ್ಷವೂ ಕೈ ಬೇಡುತ್ತದೆ. ಒಬ್ಬನ ಪಾಲಿನ ಮಾಳಿಗೆ ಸೋರಿದರೆ ಇಬ್ಬರ ತೊಲೆಯೂ ಕೊಳೆಯುತ್ತದೆ. ಒಬ್ಬ ಹುಬ್ಬಳ್ಳಿಯಲ್ಲಿ, ಇನ್ನೊಬ್ಬ ಬೆಂಗಳೂರಿನಲ್ಲಿ. ಕೊನೆಗೆ ಊರಲ್ಲಿ ಉಳಿದವನು ತನ್ನ ಎರಡಂಕಣವನ್ನು ಬಿಚ್ಚಿಸಿ ಸಿಮೆಂಟಿನ ಮನೆ ಕಟ್ಟಿಸುವನು. ಅವನನ್ನು ದೂರುವುದು ಸುಲಭ. ಕತ್ತಲೆಯ ಅಡಿಗೆಮನೆಯಲ್ಲಿ ಹೊಗೆ ಕುಡಿದ ಅವನ ಹೆಂಡತಿಯನ್ನು ಕೇಳಿದರೆ ಬೇರೆ ಮಾತು ಬಂದೀತು.

ಬಿಚ್ಚಿದ ಮರದ ಮನೆಗೆ ಮತ್ತೊಂದು ಜನ್ಮವೂ ಉಂಟು. ಚೀನದ ಹ್ವೆಯ್‌ಝೌ ಸೀಮೆಯ ಹ್ವಾಂಗ್ ಮನೆತನದವರ ಸುಮಾರು ಇನ್ನೂರು ವರ್ಷಗಳ ಮನೆಯೊಂದನ್ನು ತುಂಡುತುಂಡಾಗಿ ಬಿಚ್ಚಿ, ಹಡಗಿನಲ್ಲಿ ಅಮೆರಿಕೆಗೆ ಸಾಗಿಸಿ, ಸೇಲಂ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಮತ್ತೆ ಜೋಡಿಸಿ 2003ರಲ್ಲಿ ಜನರಿಗೆ ತೆರೆದರು. ಕರ್ನಾಟಕದಲ್ಲಿಯೂ ವಿಜಯನಾಥ ಶೆಣೈ ಅವರು ಮಣಿಪಾಲದಲ್ಲಿ ಕಟ್ಟಿದ ಪಾರಂಪರಿಕ ಗ್ರಾಮದಲ್ಲಿ ಕುಕನೂರಿನ ಕಮಲ ಮಹಲಿನಂಥ ಕಟ್ಟಡಗಳು ಹೀಗೆಯೇ ಬಂದು ನೆಲೆಸಿವೆ. ಹಾವೇರಿ ಜಿಲ್ಲೆಯಲ್ಲಿಯೇ, ಶಿಗ್ಗಾವಿಯ ಬಳಿ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿನಲ್ಲಿ, ಕಲಾವಿದ ಟಿ. ಬಿ. ಸೊಲಬಕ್ಕನವರ ನೇತೃತ್ವದಲ್ಲಿ ಹಳ್ಳಿಯ ಬದುಕು ಮೂರ್ತಿಗಳಾಗಿ ನಿಂತಿದೆ. ಪೇಟೆಯ ಮಕ್ಕಳು ಎತ್ತು, ಗೋದಲಿ, ಬೀಸುಕಲ್ಲುಗಳನ್ನು ಅಲ್ಲಿ ಸಿಮೆಂಟಿನಲ್ಲಿ ನೋಡಿ ಬರುವರು. ಎಲ್ಲವೂ ಸರಿಯೇ. ಆದರೆ ವಸ್ತುಸಂಗ್ರಹಾಲಯಕ್ಕೆ ಹೋದ ಪಡಸಾಲೆಯಲ್ಲಿ ಅಮಾವಾಸ್ಯೆಯ ಎಡೆ ಯಾರು ಹಿಡಿಯಬೇಕು?

ಮನೆಯಲ್ಲಿಯೇ ಉಳಿದವರು ತಮಗೆ ತಿಳಿದಂತೆ ಉಪಾಯ ಕಂಡುಕೊಂಡಿದ್ದಾರೆ. ಹೊಸ ಮನೆಯಲ್ಲಿ ಕಂಬಗಳಿಲ್ಲ, ಅಂಕಣವಿಲ್ಲ. ಹಾಲ್ ಇದೆ, ಅದರಲ್ಲಿ ಟೀವಿ ಇದೆ. ಅಮಾವಾಸ್ಯೆಯ ದಿನ ಸೋಫಾವನ್ನು ಗೋಡೆಗೆ ಸರಿಸಿ, ನಯವಾದ ಟೈಲ್ಸಿನ ಮೇಲೆ ರಂಗೋಲಿ ನಿಲ್ಲದೆ ಜಾರುತ್ತಿದ್ದರೂ ಹೇಗೋ ಬಿಡಿಸಿ, ತಂಬಿಗೆಗೆ ಸೀರೆ ಏರಿಸುವರು. ಹಳೆಯ ಮನೆಯ ತಲೆಬಾಗಿಲ ಚೌಕಟ್ಟನ್ನು ವ್ಯಾಪಾರಿಗೆ ಕೊಡದೆ ಹೊಸ ಮನೆಗೂ ಅದನ್ನೇ ಹಚ್ಚಿಸಿದವರಿದ್ದಾರೆ. ಸಿಮೆಂಟಿನ ಗೋಡೆಗೆ ಆ ಸಾಗುವಾನಿ ಚೌಕಟ್ಟು ಒಪ್ಪುವುದಿಲ್ಲ. ಬಾಗಿಲು ತಗ್ಗು, ಎತ್ತರದವರು ತಲೆ ಬಾಗಿಸಿಯೇ ಒಳಗೆ ಬರಬೇಕು.

ಇನ್ನು ಗೋಡೆ ಎದ್ದು ಇಬ್ಭಾಗವಾಗಿಯೂ ಇನ್ನೂ ಬಿಚ್ಚದೆ ನಿಂತಿರುವ ಮನೆಗಳು. ಅವುಗಳಲ್ಲಿ ಕೆಲವೆಡೆ, ವಾಟ್ನಿಯ ದಿನ ಕುಳಿತಿದ್ದ ಹಿರಿಯರ ಮಾತಿಗೆ ಕಟ್ಟುಬಿದ್ದು, ಗೋಡೆಯಲ್ಲಿ ಒಬ್ಬರು ನುಸುಳುವಷ್ಟು ಸಣ್ಣ ಬಾಗಿಲು ಬಿಟ್ಟಿರುವುದುಂಟು. ವರ್ಷವಿಡೀ ಅದಕ್ಕೆ ಎರಡೂ ಕಡೆ ಅಗಳಿ. ಮುಂದೆ ಜೋಳದ ಚೀಲ, ಸೈಕಲ್ಲು, ಮುರಿದ ತೊಟ್ಟಿಲು. ಅಮಾವಾಸ್ಯೆಯ ಬೆಳಿಗ್ಗೆ ಅವನ್ನೆಲ್ಲ ಈಚೆಗೆ ತೆಗೆಯುವರು. ಮೊದಲು ಅಣ್ಣನ ಕಡೆಯ ಅಗಳಿ ಸರಿಯುವುದೋ ತಮ್ಮನ ಕಡೆಯದೋ ಎಂಬುದರ ಮೇಲೆ ಆ ವರ್ಷದ ಸಂಬಂಧ ಹೇಗಿದೆಯೆಂದು ಓಣಿಯವರು ಲೆಕ್ಕ ಹಾಕುವರು. ಅಷ್ಟರಲ್ಲಿ ಆ ಸಣ್ಣ ಬಾಗಿಲಿನಿಂದ ಹೋಳಿಗೆಯ ಬುಟ್ಟಿ ಆಚೆಗೆ, ಕಡುಬಿನ ಪಾತ್ರೆ ಈಚೆಗೆ ದಾಟಿರುತ್ತದೆ.